ಯಾರಿಗೂ ಸೇರದ ನೆಲದ ಶಿಖರಕ್ಕೆ ಹೆಸರಿಡುವವರು ಯಾರು?

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶವೊಂದು ಅಲಾಸ್ಕಾದ ಡೆನಾಲಿ ಶಿಖರಕ್ಕೆ ಮೌಂಟ್ ಮೆಕಿನ್ಲಿ ಎಂಬ ಹಳೆಯ ಹೆಸರನ್ನು ಮರಳಿ ತಂದಿತು. 2015ರಲ್ಲಿ ಇನ್ನೊಂದು ಸರ್ಕಾರ ಅದೇ ಶಿಖರವನ್ನು ಅಲ್ಲಿನ ಮೂಲನಿವಾಸಿಗಳು ಕರೆಯುವಂತೆ ಡೆನಾಲಿ ಎಂದು ಬದಲಿಸಿತ್ತು. ಈ ಬದಲಾವಣೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆದರೆ ಬದಲಾಯಿಸುವ ಅಧಿಕಾರ ಯಾರಿಗಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅಲಾಸ್ಕಾ ಅಮೆರಿಕದ ರಾಜ್ಯ, ಆ ಶಿಖರವಿರುವ ನೆಲಕ್ಕೆ ಒಂದೇ ಸರ್ಕಾರ, ಅದರ ಆದೇಶ ಅದರ ನಕ್ಷೆಗಳಿಗೆ ಅನ್ವಯಿಸುತ್ತದೆ.

ಭೂಮಿಯ ಇನ್ನೊಂದು ತುದಿಯಲ್ಲಿ, ಅಂಟಾರ್ಕ್ಟಿಕಾದಲ್ಲಿ, ಈ ಸರಳ ಉತ್ತರ ಸಿಗುವುದಿಲ್ಲ. ಅಲ್ಲಿಂದ ಆಗಾಗ ಬರುವ ಸುದ್ದಿಗಳು ಓದುಗರನ್ನು ಗೊಂದಲಕ್ಕೆ ಕೆಡವುವುದೂ ಇದೇ ಕಾರಣದಿಂದ. 2014ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿದ್ದ ಭಾರತ ಮೂಲದ ಜೀವವಿಜ್ಞಾನಿ ಅಖೌರಿ ಸಿನ್ಹಾ ಅವರ ಹೆಸರನ್ನು ಅಂಟಾರ್ಕ್ಟಿಕಾದ ಪರ್ವತವೊಂದಕ್ಕೆ ಇಡಲಾಗಿದೆ ಎಂಬ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿ ಸಂಭ್ರಮದಿಂದ ಪ್ರಕಟವಾಯಿತು. ಹೆಸರಿಟ್ಟದ್ದು ಅಮೆರಿಕ, ಪರ್ವತವಿರುವ ಮೇರಿ ಬರ್ಡ್ ಲ್ಯಾಂಡ್ ಮಾತ್ರ ಯಾವ ದೇಶಕ್ಕೂ ಸೇರಿದ್ದಲ್ಲ. 2017ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪತ್ರಿಕೆಗಳು ಇನ್ನೊಂದು ಬಗೆಯ ಸುದ್ದಿ ಕೊಟ್ಟವು: ಬ್ರಿಟನ್ ತನ್ನದೆಂದು ಹೇಳಿಕೊಳ್ಳುವ ಪ್ರದೇಶಗಳಲ್ಲೆಲ್ಲ ಅತಿ ಎತ್ತರದ ಪರ್ವತ ಇನ್ನು ಮುಂದೆ ಮೌಂಟ್ ಜಾಕ್ಸನ್ ಅಲ್ಲ, ಮೌಂಟ್ ಹೋಪ್. ಮೊದಲು 2,862 ಮೀಟರ್ ಎಂದು ನಕ್ಷೆಗಳಲ್ಲಿದ್ದ ಮೌಂಟ್ ಹೋಪ್‌ನ ಎತ್ತರ ಈಗ 3,239 ಮೀಟರ್ ಎಂದು ತಿಳಿದುಬಂದಿತ್ತು.

ಒಂದು ಪರ್ವತ 377 ಮೀಟರ್ ಬೆಳೆಯುವುದು ಹೇಗೆ? ಸ್ಕಾಟ್ಲೆಂಡಿನ ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಪರ್ವತ ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳೇ? ಅಂಟಾರ್ಕ್ಟಿಕಾ ಯಾರದ್ದೂ ಅಲ್ಲ ಎಂದಮೇಲೆ ಅಲ್ಲಿನ ಪರ್ವತ ಬ್ರಿಟನ್ನಿನದ್ದಾಗುವುದು ಹೇಗೆ? ಈ ಪ್ರಶ್ನೆಗಳಲ್ಲಿ ಎತ್ತರ, ಹೆಸರು, ಒಡೆತನ ಎಂಬ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಎತ್ತರ ಅಳತೆಯಿಂದ ತೀರ್ಮಾನವಾಗುತ್ತದೆ. ಹೆಸರು ಸಮಿತಿಗಳಿಂದ ತೀರ್ಮಾನವಾಗುತ್ತದೆ. ಒಡೆತನವನ್ನು ತೀರ್ಮಾನಿಸದೆ ಹಾಗೆಯೇ ಬಿಡಬೇಕೆಂದು ದೇಶಗಳು ಆರು ದಶಕಗಳ ಹಿಂದೆ ಒಪ್ಪಿಕೊಂಡಿವೆ. ಮೂರನ್ನೂ ಬಿಡಿಸಿ ನೋಡಲು ಮೌಂಟ್ ಹೋಪ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪರ್ವತ ಬೆಳೆದಿಲ್ಲ, ಲೆಕ್ಕ ತಿದ್ದುಪಡಿಯಾಗಿದೆ

ಮೌಂಟ್ ಹೋಪ್ ಇರುವುದು ದಕ್ಷಿಣ ಅಮೆರಿಕದ ಕಡೆಗೆ ಚಾಚಿಕೊಂಡಿರುವ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ದಕ್ಷಿಣ ಭಾಗವಾದ ಪಾಮರ್ ಲ್ಯಾಂಡ್‌ನಲ್ಲಿ, ಎಟರ್ನಿಟಿ ಪರ್ವತಶ್ರೇಣಿಯ ನಡುವೆ. ಪರ್ವತವೊಂದರ ಎತ್ತರವನ್ನು ಹಳೆಯ ಕ್ರಮದಲ್ಲಿ ಅಳೆಯಬೇಕಾದರೆ ಸರ್ವೆಗಾರನಿಗೆ ಎರಡು ಅನುಕೂಲಗಳು ಬೇಕು: ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಖಚಿತವಾಗಿ ಗೊತ್ತಿರುವ ಕೆಲವು ನೆಲೆಗಳು, ಮತ್ತು ಆ ನೆಲೆಗಳಿಂದ ಶಿಖರ ಸ್ಪಷ್ಟವಾಗಿ ಕಾಣುವಂತಹ ಹವೆ. ನಾಯಿ ಎಳೆಯುವ ಜಾರುಬಂಡಿಗಳಲ್ಲಿ ಹಿಮದ ಮೇಲೆ ತಿಂಗಳುಗಟ್ಟಲೆ ಸಾಗುತ್ತಿದ್ದ ತಂಡಗಳಿಗೆ ಇವೆರಡೂ ವಿರಳವಾಗಿದ್ದವು. ಕರಾವಳಿ ದೂರ, ಕಾಲಡಿಯ ಹಿಮಪದರವೇ ನೂರಾರು ಮೀಟರ್ ದಪ್ಪ, ಗಾಳಿಯ ಒತ್ತಡವನ್ನು ನೋಡಿ ಎತ್ತರ ಅಂದಾಜಿಸುವ ಉಪಕರಣ ಹವೆ ಕೆಟ್ಟಾಗ ತಪ್ಪು ತೋರಿಸುತ್ತಿತ್ತು. ನಂತರ ವಿಮಾನದಿಂದ ತೆಗೆದ ಚಿತ್ರಗಳು ನೆರವಿಗೆ ಬಂದವು. ಆದರೆ ಚಿತ್ರದಲ್ಲಿರುವ ಜಾಗವನ್ನು ನೆಲದ ಮೇಲಿನ ಖಚಿತ ನೆಲೆಯೊಂದಕ್ಕೆ ಹೊಂದಿಸದಿದ್ದರೆ ಇಡೀ ಪರ್ವತಶ್ರೇಣಿ ನಕ್ಷೆಯಲ್ಲಿ ಪಕ್ಕಕ್ಕೆ ಸರಿದುಬಿಡುತ್ತದೆ. 2017ರ ಪರಿಷ್ಕರಣೆಯಲ್ಲಿ ಎತ್ತರ ಮಾತ್ರವಲ್ಲ, ಕೆಲವು ಪರ್ವತಗಳ ಸ್ಥಾನವೇ ಕಿಲೋಮೀಟರ್‌ಗಟ್ಟಲೆ ತಪ್ಪಾಗಿತ್ತೆಂದು ತಿಳಿದದ್ದು ಇದೇ ಕಾರಣದಿಂದ.

ಹೊಸ ಅಂಕಿ ಬಂದದ್ದು ಉಪಗ್ರಹದ ಜೋಡಿ ಚಿತ್ರಗಳಿಂದ. ಒಂದೇ ಜಾಗವನ್ನು ಎರಡು ಬೇರೆ ಕೋನಗಳಿಂದ ಚಿತ್ರಿಸಿ, ಎರಡೂ ಚಿತ್ರಗಳಲ್ಲಿ ಪ್ರತಿ ಬಿಂದು ಎಷ್ಟು ಸರಿದಿದೆ ಎಂಬುದನ್ನು ಲೆಕ್ಕಹಾಕಿದರೆ ಆ ಬಿಂದುವಿನ ಎತ್ತರ ಸಿಗುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವುದೂ ಹೀಗೆಯೇ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1 ಇದೇ ತತ್ವದ ಮೇಲೆ ಕೆಲಸ ಮಾಡುತ್ತಿತ್ತು. ಅದರ ಒಂದು ಕ್ಯಾಮೆರಾ 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿತ್ತು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ ಮೌಂಟ್ ಹೋಪ್‌ಗೆ ಬಳಸಿದ್ದು ಇನ್ನೂ ಸೂಕ್ಷ್ಮವಾದ, ಅರ್ಧ ಮೀಟರ್ ಗಾತ್ರದ ವಿವರಗಳನ್ನು ಗುರುತಿಸಬಲ್ಲ ವರ್ಲ್ಡ್‌ವ್ಯೂ-2 ಉಪಗ್ರಹದ ಚಿತ್ರಗಳನ್ನು.

ಉಪಗ್ರಹಗಳು 2017ಕ್ಕಿಂತ ಎಷ್ಟೋ ಮೊದಲೇ ಅಂಟಾರ್ಕ್ಟಿಕಾದ ಮೇಲೆ ಹಾರುತ್ತಿದ್ದರೂ ಈ ತಪ್ಪು ಉಳಿದುಕೊಂಡದ್ದಕ್ಕೆ ಕಾರಣವಿದೆ. ಹಿಂದಿನ ಉಪಗ್ರಹಗಳಲ್ಲಿದ್ದ ರಾಡಾರ್ ಎತ್ತರಮಾಪಕದ ಕಿರಣ ನೆಲ ಮುಟ್ಟುವ ವೇಳೆಗೆ ಕಿಲೋಮೀಟರ್‌ಗಟ್ಟಲೆ ಅಗಲವಾಗಿರುತ್ತಿತ್ತು. ವಿಶಾಲವಾದ, ಸಮತಟ್ಟಾದ ಹಿಮಪದರವನ್ನು ಅಳೆಯಲು ಅದು ಸಾಕು, ಚೂಪಾದ ಶಿಖರಕ್ಕೆ ಸಾಲದು. 2003ರಲ್ಲಿ ನಾಸಾ ಹಾರಿಸಿದ ಐಸ್‌ಸ್ಯಾಟ್‌ನ ಲೇಸರ್ ಹೆಚ್ಚು ನಿಖರವಾಗಿತ್ತು, ಆದರೆ ಅದು ತಾನು ಹಾದುಹೋಗುವ ಗೆರೆಯ ಮೇಲಷ್ಟೇ ಅಳೆಯುತ್ತಿತ್ತು. ಎರಡು ಗೆರೆಗಳ ನಡುವೆ ಶಿಖರವಿದ್ದರೆ ಅದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹೊಸ ಅಳತೆಯಲ್ಲಿ ತಪ್ಪಿನ ಸಾಧ್ಯತೆ ಸುಮಾರು 5 ಮೀಟರ್. ಮೌಂಟ್ ಹೋಪ್‌ಗೂ 3,184 ಮೀಟರ್ ಎತ್ತರದ ಮೌಂಟ್ ಜಾಕ್ಸನ್‌ಗೂ ಇರುವ ವ್ಯತ್ಯಾಸ 55 ಮೀಟರ್. ತಪ್ಪಿನ ಸಾಧ್ಯತೆಗಿಂತ ವ್ಯತ್ಯಾಸ ಹಲವು ಪಟ್ಟು ದೊಡ್ಡದಾಗಿರುವುದರಿಂದ ಯಾವುದು ಎತ್ತರ ಎಂಬ ತೀರ್ಮಾನವನ್ನು ನಂಬಬಹುದು. ವ್ಯತ್ಯಾಸ ಮೂರೋ ನಾಲ್ಕೋ ಮೀಟರ್ ಆಗಿದ್ದರೆ ಆ ತೀರ್ಮಾನಕ್ಕೆ ಆಧಾರವೇ ಇರುತ್ತಿರಲಿಲ್ಲ. ಅದಲ್ಲದೆ, ಸಮುದ್ರಮಟ್ಟದಿಂದ ಎಂದು ನಾವು ಹೇಳುವ ಎತ್ತರವನ್ನು ಉಪಗ್ರಹ ನೇರವಾಗಿ ಅಳೆಯುವುದಿಲ್ಲ. ಅದು ಕೊಡುವುದು ಭೂಮಿಯ ಗಣಿತಾತ್ಮಕ ಆಕಾರದಿಂದ ಲೆಕ್ಕಹಾಕಿದ ಎತ್ತರ. ಅದಕ್ಕೂ ನಿಜವಾದ ಸಮುದ್ರಮಟ್ಟಕ್ಕೂ ಅಂಟಾರ್ಕ್ಟಿಕಾದ ಕೆಲವೆಡೆ ಹತ್ತಾರು ಮೀಟರ್ ಅಂತರವಿರುತ್ತದೆ. ಒಂದೇ ಶಿಖರಕ್ಕೆ ಎರಡು ಮೂಲಗಳು ಬೇರೆ ಬೇರೆ ಎತ್ತರ ಕೊಟ್ಟಾಗ ಎರಡೂ ಯಾವುದರಿಂದ ಅಳೆದ ಎತ್ತರ ಎಂದು ಮೊದಲು ನೋಡಬೇಕು.

ಪರಿಷ್ಕರಣೆ ಎಂದರೆ ಎತ್ತರ ಹೆಚ್ಚಾಗುವುದು ಎಂದೂ ಭಾವಿಸಬಾರದು. ಖಂಡದ ಅತಿ ಎತ್ತರದ ಶಿಖರವಾದ ಮೌಂಟ್ ವಿನ್ಸನ್‌ಗೆ ಮೊದಲು 5,140 ಮೀಟರ್ ಎಂಬ ಅಂದಾಜಿತ್ತು. 1979-80ರ ಸರ್ವೆ ಅದನ್ನು 4,897ಕ್ಕೆ ಇಳಿಸಿತು. 2004ರಲ್ಲಿ ಶಿಖರದ ಮೇಲೆಯೇ ಜಿಪಿಎಸ್ ಉಪಕರಣ ಇಟ್ಟು ಅಳೆದಾಗ ಅದು 4,892 ಆಯಿತು.

1935ರ ನವೆಂಬರ್‌ನ ಹಾರಾಟ

ಮೌಂಟ್ ಹೋಪ್ ಎಂಬ ಹೆಸರು ಬ್ರಿಟಿಷರು ಕೊಟ್ಟದ್ದಲ್ಲ. 1935ರ ನವೆಂಬರ್‌ನಲ್ಲಿ ಅಮೆರಿಕದ ಸಿರಿವಂತ ಸಾಹಸಿ ಲಿಂಕನ್ ಎಲ್ಸ್‌ವರ್ತ್ ಮತ್ತು ಪೈಲಟ್ ಹರ್ಬರ್ಟ್ ಹಾಲಿಕ್-ಕೆನ್ಯನ್ ಪೋಲಾರ್ ಸ್ಟಾರ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಪರ್ಯಾಯ ದ್ವೀಪದ ತುದಿಯ ಡಂಡೀ ದ್ವೀಪದಿಂದ ಹೊರಟು ಖಂಡವನ್ನು ದಾಟಿ ರಾಸ್ ಸಮುದ್ರದ ಕಡೆಗೆ ಹಾರಿದರು. ಸುಮಾರು 14 ಗಂಟೆಗಳಲ್ಲಿ ಮುಗಿಯಬೇಕಿದ್ದ ಪಯಣಕ್ಕೆ ಎರಡು ವಾರಗಳೇ ಹಿಡಿದವು. ರೇಡಿಯೊ ಕೆಟ್ಟಿತು, ಹಿಮಗಾಳಿಯಿಂದಾಗಿ ಮತ್ತೆ ಮತ್ತೆ ನೆಲಕ್ಕಿಳಿಯಬೇಕಾಯಿತು, ಕೊನೆಗೆ ಗುರಿಯ ಸಮೀಪದಲ್ಲೇ ಇಂಧನ ಮುಗಿದು ಇಬ್ಬರೂ ನಡೆದು ನೆಲೆ ತಲುಪಿದರು. ಹಾದಿಯಲ್ಲಿ ಕಂಡ ಎತ್ತರದ ಶ್ರೇಣಿಗೆ ಎಲ್ಸ್‌ವರ್ತ್ ಎಟರ್ನಿಟಿ ಎಂದೂ, ಅದರ ಮೂರು ಮುಖ್ಯ ಶಿಖರಗಳಿಗೆ ಫೇಯ್ತ್, ಹೋಪ್, ಚಾರಿಟಿ ಎಂದೂ ಹೆಸರಿಟ್ಟರು. ಇನ್ನೂ ದಕ್ಷಿಣದಲ್ಲಿ ಕಂಡ ಇನ್ನೊಂದು ಶ್ರೇಣಿಗೆ ಸೆಂಟಿನೆಲ್ ಎಂಬ ಹೆಸರು ಬಿತ್ತು. ಮೌಂಟ್ ವಿನ್ಸನ್ ಇರುವುದು ಅದೇ ಸೆಂಟಿನೆಲ್ ಶ್ರೇಣಿಯಲ್ಲಿ. ಆದರೆ ಖಂಡದ ಅತಿ ಎತ್ತರದ ಆ ಶಿಖರವಿದೆ ಎಂದು ಗೊತ್ತಾಗಲು 1958ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ವಿಮಾನಗಳು ಅತ್ತ ಹಾರುವವರೆಗೆ ಕಾಯಬೇಕಾಯಿತು.

ವಿಮಾನದ ಕಿಟಕಿಯಿಂದ ಕಂಡು ಹೆಸರಿಟ್ಟ ಶಿಖರವನ್ನು ನೆಲದ ಮೇಲಿನಿಂದ ಗುರುತಿಸುವುದು ಸುಲಭವಲ್ಲ. ಒಂದು ವರ್ಷದ ನಂತರ, 1936ರ ನವೆಂಬರ್‌ನಲ್ಲಿ, ಜಾನ್ ರೈಮಿಲ್ ನೇತೃತ್ವದ ಬ್ರಿಟಿಷ್ ಗ್ರಹಾಂ ಲ್ಯಾಂಡ್ ತಂಡ ಜಾರುಬಂಡಿಗಳಲ್ಲಿ ಅದೇ ಭಾಗಕ್ಕೆ ಬಂತು. ಅವರು ಎತ್ತರದ ಪರ್ವತವೊಂದನ್ನು ಸರ್ವೆ ಮಾಡಿ, ತಮ್ಮ ಯಾತ್ರೆಗೆ ಹಣ ನೀಡಿದ ವೈಕೌಂಟ್ ವೇಕ್‌ಫೀಲ್ಡ್ ಅವರ ಹೆಸರಿನಲ್ಲಿ ಮೌಂಟ್ ವೇಕ್‌ಫೀಲ್ಡ್ ಎಂದು ಕರೆದರು. ಎಲ್ಸ್‌ವರ್ತ್ ಹೆಸರಿಟ್ಟ ಹೋಪ್ ಇದೇ ಎಂದು ಅವರಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಹೀಗೆ ಒಂದೇ ಪರ್ವತ ಎರಡು ನಕ್ಷೆಗಳಲ್ಲಿ ಎರಡು ಹೆಸರಿನಿಂದ ಉಳಿಯಿತು. ನಂತರದ ಸರ್ವೆಗಳು ಎರಡೂ ಒಂದೇ ಇರಬೇಕೆಂದು ತೋರಿಸಿದಾಗ ಬ್ರಿಟಿಷರೇ ಮೊದಲು ಬಂದ ಹೋಪ್ ಎಂಬ ಹೆಸರನ್ನು ಉಳಿಸಿಕೊಂಡರು. ವೇಕ್‌ಫೀಲ್ಡ್ ಹೆಸರು ಅಳಿಯಬಾರದೆಂದು ಅದನ್ನು ಆ ಭಾಗದ ಹಿಮಾವೃತ ಎತ್ತರದ ಪ್ರದೇಶವೊಂದಕ್ಕೆ ವರ್ಗಾಯಿಸಿದರು. ಅದು ಇಂದಿಗೂ ವೇಕ್‌ಫೀಲ್ಡ್ ಹೈಲ್ಯಾಂಡ್ ಆಗಿದೆ. ಎಲ್ಲ ಇಬ್ಬಗೆಯ ಹೆಸರುಗಳೂ ಇಷ್ಟು ಮರ್ಯಾದೆಯಿಂದ ಬಗೆಹರಿದಿದ್ದರೆ ಈ ಲೇಖನದ ಉಳಿದ ಭಾಗ ಬೇಕಾಗುತ್ತಿರಲಿಲ್ಲ.

ಅಳತೆಗಿಂತ ಮೊದಲು ಹೆಸರು ಬಂದರೆ ಏನಾಗುತ್ತದೆ ಎಂಬುದಕ್ಕೆ ಇದೇ ಪರ್ಯಾಯ ದ್ವೀಪದಲ್ಲಿ ಇನ್ನೂ ದೊಡ್ಡ ನಿದರ್ಶನವಿದೆ. 1928ರ ಡಿಸೆಂಬರ್‌ನಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್ ಇದರ ಮೇಲೆ ಹಾರಿ, ಕೆಳಗೆ ಕಂಡ ಹಿಮನದಿಗಳನ್ನು ಸಮುದ್ರದ ಕಾಲುವೆಗಳೆಂದು ತಿಳಿದು, ಇದು ಖಂಡಕ್ಕೆ ಅಂಟಿದ ನೆಲವಲ್ಲ, ದ್ವೀಪಗಳ ಸಾಲು ಎಂದು ತೀರ್ಮಾನಿಸಿದರು. ಕೇಸಿ ಚಾನೆಲ್, ಸ್ಟೆಫಾನ್ಸನ್ ಜಲಸಂಧಿ ಎಂಬ ಹೆಸರುಗಳು ನಕ್ಷೆಗೇರಿದವು. ನೆಲದ ಮೇಲೆ ನಡೆದು ನೋಡಿದ ರೈಮಿಲ್ ತಂಡಕ್ಕೆ ಅಲ್ಲಿ ಯಾವ ಕಾಲುವೆಯೂ ಸಿಗಲಿಲ್ಲ. ಕೇಸಿ ಎಂಬ ಹೆಸರು ಈಗ ಒಂದು ಹಿಮನದಿಗೆ ಸಂದಿದೆ.

ಹೆಸರಿಡುವ ಅಧಿಕಾರ

ಅಂಟಾರ್ಕ್ಟಿಕಾದಲ್ಲಿ ಹೆಸರುಗಳನ್ನು ಮಂಜೂರು ಮಾಡುವ ಅಂತರರಾಷ್ಟ್ರೀಯ ಕಚೇರಿ ಯಾವುದೂ ಇಲ್ಲ. ಅಲ್ಲಿ ಕೆಲಸ ಮಾಡುವ ದೇಶಗಳು ತಮ್ಮ ತಮ್ಮ ಸಮಿತಿಗಳ ಮೂಲಕ ಹೆಸರು ಅನುಮೋದಿಸುತ್ತವೆ. ಬ್ರಿಟನ್ನಿನ ಸಮಿತಿ 1945ರಿಂದ ಇದೆ. ಅಮೆರಿಕದ ಸಮಿತಿಯೂ 1940ರ ದಶಕದ್ದೇ. ಪ್ರತಿ ಸಮಿತಿಗೂ ನಿಯಮಗಳಿವೆ. ಅಮೆರಿಕದ ನಿಯಮದಂತೆ ಭೂರೂಪಗಳಿಗೆ ಮೂರು ದರ್ಜೆಗಳಿವೆ: ಮೇಲಿನ ದರ್ಜೆಯ ದೊಡ್ಡ ಪರ್ವತಶ್ರೇಣಿ, ವಿಶಾಲ ಪ್ರದೇಶಗಳಿಗೆ ಮಹತ್ತರ ಕೊಡುಗೆ ನೀಡಿದವರ ಹೆಸರು; ಕೆಳಗಿನ ದರ್ಜೆಯ ಚಿಕ್ಕ ಶಿಖರ, ಕಡಿದಾದ ಬಂಡೆಗಳಿಗೆ ಅಲ್ಲಿ ದುಡಿದ ವಿಜ್ಞಾನಿಗಳು, ಪೈಲಟ್‌ಗಳು, ಅಡುಗೆಯವರು, ಮೆಕ್ಯಾನಿಕ್‌ಗಳ ಹೆಸರೂ ಬರಬಹುದು. ನೆಂಟಸ್ತಿಕೆ, ಗೆಳೆತನಕ್ಕಾಗಿ ಸೂಚಿಸಿದ ಹೆಸರು, ಸರಕುಗಳ ಹೆಸರು, ಸಾಕುಪ್ರಾಣಿಗಳ ಹೆಸರು ಸಲ್ಲದು. ಅಖೌರಿ ಸಿನ್ಹಾ ಅವರ ಹೆಸರು ಬಂದದ್ದು 1970ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಹಡಗುಗಳಲ್ಲಿ ಹೋಗಿ ಸೀಲ್, ತಿಮಿಂಗಿಲ, ಹಕ್ಕಿಗಳ ಗಣತಿಯಲ್ಲಿ ಪಾಲ್ಗೊಂಡದ್ದಕ್ಕೆ. ಸುಮಾರು 990 ಮೀಟರ್ ಎತ್ತರದ ಆ ಪರ್ವತ ಅವರ ದುಡಿಮೆಗೆ ಸಂದ ಗೌರವ. ಅದರಿಂದ ಭಾರತಕ್ಕಾಗಲಿ ಅಮೆರಿಕಕ್ಕಾಗಲಿ ಆ ನೆಲದ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ.

ಪ್ರತಿ ದೇಶವೂ ತನ್ನ ಪಾಡಿಗೆ ಹೆಸರಿಟ್ಟುಕೊಂಡು ಹೋದರೆ ಆಗುವ ಗೊಂದಲವನ್ನು ಕಡಿಮೆ ಮಾಡಲು ಅಂಟಾರ್ಕ್ಟಿಕ್ ಸಂಶೋಧನೆಯ ವೈಜ್ಞಾನಿಕ ಸಮಿತಿ, ಅಂದರೆ ಸ್ಕಾರ್, 1990ರ ದಶಕದಲ್ಲಿ ಎಲ್ಲ ದೇಶಗಳ ಹೆಸರುಗಳನ್ನು ಒಂದೆಡೆ ಸೇರಿಸುವ ಕೆಲಸ ಕೈಗೊಂಡಿತು. ಇಟಲಿ ಹೊತ್ತುಕೊಂಡ ಆ ಜವಾಬ್ದಾರಿಯ ಫಲವಾಗಿ 1998ರಲ್ಲಿ ಸಂಯುಕ್ತ ಸ್ಥಳನಾಮ ಕೋಶ ಹೊರಬಂತು. ಅದರಲ್ಲಿ ಈಗ 35 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಆದರೆ ಆ ಹೆಸರುಗಳು ಸೂಚಿಸುವ ಜಾಗಗಳ ಸಂಖ್ಯೆ ಅದರ ಸುಮಾರು ಅರ್ಧದಷ್ಟು ಮಾತ್ರ. ಹೆಸರಿಲ್ಲದ ಜಾಗಕ್ಕಷ್ಟೇ ಹೊಸ ಹೆಸರಿಡಿ, ಒಂದು ಜಾಗಕ್ಕೆ ಒಂದೇ ಹೆಸರು ಸಾಕು ಎಂದು ಸ್ಕಾರ್ ಸಲಹೆ ಮಾಡುತ್ತದೆ. ಈ ಕೋಶ ದಾಖಲಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಒಂದು ದೇಶ ಕಳುಹಿಸಿದ ಹೆಸರನ್ನು ಅಳಿಸುವ ಅಧಿಕಾರ ಸ್ಕಾರ್‌ಗೆ ಇಲ್ಲ.

ದೇಶಗಳು ಮನಸ್ಸು ಮಾಡಿದರೆ ಒಪ್ಪಂದ ಸಾಧ್ಯ ಎಂಬುದಕ್ಕೂ ಮೌಂಟ್ ಹೋಪ್ ಇರುವ ನೆಲವೇ ಸಾಕ್ಷಿ. 1964ರವರೆಗೆ ಇಡೀ ಪರ್ಯಾಯ ದ್ವೀಪವನ್ನು ಬ್ರಿಟಿಷರು ಗ್ರಹಾಂ ಲ್ಯಾಂಡ್ ಎಂದರೆ ಅಮೆರಿಕನ್ನರು ಪಾಮರ್ ಪರ್ಯಾಯ ದ್ವೀಪ ಎನ್ನುತ್ತಿದ್ದರು. ಆ ವರ್ಷ ಎರಡೂ ಸಮಿತಿಗಳು ಕುಳಿತು ಮಾತನಾಡಿ, ಇಡೀ ಭಾಗಕ್ಕೆ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪವೆಂದೂ ಉತ್ತರಾರ್ಧಕ್ಕೆ ಗ್ರಹಾಂ ಲ್ಯಾಂಡ್, ದಕ್ಷಿಣಾರ್ಧಕ್ಕೆ ಪಾಮರ್ ಲ್ಯಾಂಡ್ ಎಂದೂ ನಿರ್ಧರಿಸಿದವು. ಚಿಲಿ ಮಾತ್ರ ಇಂದಿಗೂ ಅದನ್ನು ಒ'ಹಿಗಿನ್ಸ್ ನೆಲ ಎನ್ನುತ್ತದೆ, ಅರ್ಜೆಂಟೀನಾ ಸಾನ್ ಮಾರ್ಟಿನ್ ನೆಲ ಎನ್ನುತ್ತದೆ. ಈ ಎರಡೂ ಹೆಸರುಗಳು ಆ ದೇಶಗಳ ಸ್ವಾತಂತ್ರ್ಯ ಹೋರಾಟದ ನಾಯಕರವು.

ಒಂದೇ ಶಿಖರದ ಮೇಲೆ ಮೂರು ದೇಶಗಳ ಹಕ್ಕು

ಅಂಟಾರ್ಕ್ಟಿಕಾದ ಭಾಗಗಳ ಮೇಲೆ ಬ್ರಿಟನ್, ನ್ಯೂಜಿಲೆಂಡ್, ಫ್ರಾನ್ಸ್, ಆಸ್ಟ್ರೇಲಿಯಾ, ನಾರ್ವೆ, ಚಿಲಿ, ಅರ್ಜೆಂಟೀನಾ ಎಂಬ ಏಳು ದೇಶಗಳು ಹಕ್ಕು ಸಾಧಿಸಿವೆ. ಬ್ರಿಟನ್ ಪಶ್ಚಿಮ ರೇಖಾಂಶ 20ರಿಂದ 80 ಡಿಗ್ರಿವರೆಗೆ, ಅರ್ಜೆಂಟೀನಾ 25ರಿಂದ 74ರವರೆಗೆ, ಚಿಲಿ 53ರಿಂದ 90ರವರೆಗೆ ತನ್ನದೆನ್ನುತ್ತದೆ. ಮೌಂಟ್ ಹೋಪ್ ಇರುವುದು ಸುಮಾರು 64 ಡಿಗ್ರಿ ಪಶ್ಚಿಮದಲ್ಲಿ. ಅಂದರೆ ಮೂರೂ ದೇಶಗಳ ಅಧಿಕೃತ ನಕ್ಷೆಗಳಲ್ಲಿ ಅದು ಸ್ವದೇಶದ ಪರ್ವತ. ಬ್ರಿಟನ್ನಿನ ಅತಿ ಎತ್ತರದ ಪರ್ವತ ಎಂಬ ಪತ್ರಿಕಾ ಶೀರ್ಷಿಕೆ ನಿಂತಿರುವುದು ಈ ಮೂರರಲ್ಲಿ ಒಂದು ಹಕ್ಕಿನ ಮೇಲೆ ಮಾತ್ರ. ಬೆನ್ ನೆವಿಸ್‌ನ 1,345 ಮೀಟರ್‌ಗೆ ಅದರಿಂದ ಯಾವ ಧಕ್ಕೆಯೂ ಇಲ್ಲ, ಏಕೆಂದರೆ ಬ್ರಿಟನ್ನಿನ ಕಾನೂನಿನಲ್ಲೇ ಆ ಅಂಟಾರ್ಕ್ಟಿಕ್ ಪ್ರದೇಶ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ, ಸಾಗರೋತ್ತರ ಪ್ರದೇಶ.

1959ರ ಡಿಸೆಂಬರ್ 1ರಂದು 12 ದೇಶಗಳು ಸಹಿ ಹಾಕಿ 1961ರ ಜೂನ್ 23ರಿಂದ ಜಾರಿಗೆ ಬಂದ ಅಂಟಾರ್ಕ್ಟಿಕ್ ಒಪ್ಪಂದದ 4ನೇ ವಿಧಿ ಈ ಜಗಳವನ್ನು ಬಗೆಹರಿಸದೆಯೇ ತಣ್ಣಗಾಗಿಸಿತು. ಹಳೆಯ ಹಕ್ಕುಗಳನ್ನು ಯಾರೂ ಬಿಟ್ಟುಕೊಡಬೇಕಿಲ್ಲ, ಅವನ್ನು ಯಾರೂ ಒಪ್ಪಬೇಕಿಲ್ಲ, ಒಪ್ಪಂದ ಜಾರಿಯಲ್ಲಿರುವವರೆಗೆ ಹೊಸ ಹಕ್ಕು ಹೂಡುವಂತಿಲ್ಲ, ಹಳೆಯದನ್ನು ಹಿಗ್ಗಿಸುವಂತೆಯೂ ಇಲ್ಲ. ಬಹಳ ಮುಖ್ಯವಾಗಿ, ಈ ಅವಧಿಯಲ್ಲಿ ನಡೆಯುವ ಯಾವ ಚಟುವಟಿಕೆಯೂ ಹಕ್ಕನ್ನು ಸಮರ್ಥಿಸಲು ಅಥವಾ ನಿರಾಕರಿಸಲು ಆಧಾರವಾಗುವುದಿಲ್ಲ. ಸರ್ವೆ ಮಾಡುವುದು, ಹೆಸರಿಡುವುದು, ನಕ್ಷೆ ಮುದ್ರಿಸುವುದು, ಶಿಖರದ ಮೇಲೆ ಬಾವುಟ ಊರುವುದು ಎಲ್ಲವೂ ಈ ಮಾತಿನೊಳಗೆ ಬರುತ್ತವೆ.

ಹಾಗಿದ್ದರೂ ಪೈಪೋಟಿ ಏಕೆ?

ಕಾನೂನಿನಲ್ಲಿ ಬೆಲೆಯಿಲ್ಲದ ಕೆಲಸಕ್ಕೆ ದೇಶಗಳು ಇಷ್ಟು ಶ್ರಮ ಹಾಕುವುದು ಏಕೆ ಎಂಬುದೇ ಈ ವಿಷಯದ ತಿರುಳು. ಹಕ್ಕುದಾರ ದೇಶಗಳ ನಿಲುವು ಹೀಗಿದೆ: ಪ್ರದೇಶವೊಂದನ್ನು ಆಳುವ ಸರ್ಕಾರದ ಸಾಮಾನ್ಯ ಕರ್ತವ್ಯಗಳಲ್ಲಿ ನಕ್ಷೆ ತಯಾರಿಕೆಯೂ ಒಂದು, ಅದನ್ನು ನಿಲ್ಲಿಸಿದರೆ ಹಕ್ಕನ್ನು ಕೈಬಿಟ್ಟಂತೆ ಕಾಣುತ್ತದೆ. ಆದ್ದರಿಂದಲೇ 2012ರ ಡಿಸೆಂಬರ್‌ನಲ್ಲಿ ಬ್ರಿಟನ್ ತಾನು ಹಕ್ಕು ಹೂಡಿರುವ ಪ್ರದೇಶದ ದಕ್ಷಿಣದ ಸುಮಾರು 4,37,000 ಚದರ ಕಿಲೋಮೀಟರ್‌ಗೆ ಕ್ವೀನ್ ಎಲಿಜಬೆತ್ ಲ್ಯಾಂಡ್ ಎಂದು ಹೆಸರಿಟ್ಟಿತು. ಅದು ಕರ್ನಾಟಕದ ಎರಡು ಪಟ್ಟಿಗಿಂತಲೂ ಹೆಚ್ಚಿನ ವಿಸ್ತಾರ. ಅರ್ಜೆಂಟೀನಾ ಕೂಡಲೇ ಬ್ರಿಟಿಷ್ ರಾಯಭಾರಿಯನ್ನು ಕರೆಸಿ ಪ್ರತಿಭಟನಾ ಪತ್ರ ಕೊಟ್ಟಿತು. ಹೆಸರಿಗೆ ಬೆಲೆಯೇ ಇಲ್ಲವೆಂದು ಎರಡೂ ದೇಶಗಳು ನಿಜವಾಗಿ ನಂಬಿದ್ದರೆ ಒಂದು ಹೆಸರಿಡುತ್ತಿರಲಿಲ್ಲ, ಇನ್ನೊಂದು ಪ್ರತಿಭಟಿಸುತ್ತಿರಲಿಲ್ಲ. ಅರ್ಜೆಂಟೀನಾದ ನಡೆಯೂ ಬೇರೆಯಲ್ಲ: ಅಂಟಾರ್ಕ್ಟಿಕಾದ ಭಾಗವನ್ನು ಸೇರಿಸಿದ ದೇಶದ ನಕ್ಷೆಯನ್ನೇ ಶಾಲೆಗಳಲ್ಲಿ ಬಳಸಬೇಕೆಂದು ಅದು 2010ರಲ್ಲಿ ಕಾನೂನು ಮಾಡಿತು. 4ನೇ ವಿಧಿ ಹಕ್ಕುಗಳನ್ನು ಅಳಿಸದೆ ತಡೆಹಿಡಿದಿದೆ; ಆ ತಡೆ ಎಂದಾದರೂ ತೆರವಾದರೆ ಯಾರ ಬಳಿ ಹೆಚ್ಚು ದಾಖಲೆ ಇದೆ ಎಂಬ ಪ್ರಶ್ನೆ ಏಳಬಹುದೆಂಬ ಲೆಕ್ಕಾಚಾರ ಇವೆಲ್ಲದರ ಹಿಂದಿದೆ.

ಹಕ್ಕು ಹೂಡದ ದೇಶಗಳ ಲೆಕ್ಕ ಬೇರೆ. ಒಪ್ಪಂದದ ಸಭೆಗಳಲ್ಲಿ ಮತ ಹಾಕುವ ಅಧಿಕಾರವಿರುವುದು 29 ಸಮಾಲೋಚಕ ದೇಶಗಳಿಗೆ. ಮೂಲ ಸಹಿದಾರರಲ್ಲದ ದೇಶಕ್ಕೆ ಆ ಸ್ಥಾನ ಸಿಗಬೇಕಾದರೆ ಅದು ಅಲ್ಲಿ ಗಣನೀಯ ಸಂಶೋಧನೆ ನಡೆಸಿರಬೇಕು. ಹೆಸರುಗಳು ಆ ದುಡಿಮೆಯ ಕಣ್ಣಿಗೆ ಕಾಣುವ ಗುರುತು. 1994ರಲ್ಲಿ ಸ್ಥಳನಾಮ ಆಯೋಗ ಸ್ಥಾಪಿಸಿದ ಪುಟ್ಟ ಬಲ್ಗೇರಿಯಾ ಇದರಲ್ಲಿ ಎಲ್ಲರನ್ನೂ ಬೆರಗುಗೊಳಿಸಿದೆ. ಲಿವಿಂಗ್‌ಸ್ಟನ್ ದ್ವೀಪದಲ್ಲಿರುವ ತನ್ನ ನೆಲೆಯಿಂದ ಹೊರಟು, 2004-05ರಲ್ಲಿ ಅಲ್ಲಿನ ತಾಂಗ್ರಾ ಪರ್ವತಗಳನ್ನು ಜಿಪಿಎಸ್ ಹಿಡಿದು ನಡೆದು ಅಳೆದು, ನಂತರದ ವರ್ಷಗಳಲ್ಲಿ ಸೆಂಟಿನೆಲ್ ಶ್ರೇಣಿಯವರೆಗೂ ಹೆಸರಿಲ್ಲದ ಶಿಖರ, ಹಿಮನದಿಗಳನ್ನು ಗುರುತಿಸಿ ಅದು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೋಶಕ್ಕೆ ಸೇರಿಸಿದೆ. ಸಿರಿಲಿಕ್ ಲಿಪಿಯ ಹೆಸರುಗಳನ್ನು ಎಲ್ಲರೂ ಓದುವಂತೆ ಬರೆಯಲು ಅಂಟಾರ್ಕ್ಟಿಕಾಕ್ಕಾಗಿ 1995ರಲ್ಲಿ ರೂಪಿಸಿದ ಲಿಪ್ಯಂತರ ಕ್ರಮ ಮುಂದೆ ಇಡೀ ಬಲ್ಗೇರಿಯಾದ ಅಧಿಕೃತ ಕ್ರಮವೇ ಆಯಿತು. ತಮ್ಮ ಊರುಗಳ ಹೆಸರನ್ನು ಹೀಗೆ ಸಾವಿರಗಟ್ಟಲೆ ಹೊತ್ತೊಯ್ದು ಇಡುವುದು ಅತಿಯಾಯಿತು ಎಂದು ಟೀಕಿಸುವವರಿದ್ದಾರೆ. ಆದರೆ ಹೆಸರಿಡುವ ಮೊದಲು ಅಳೆದಿರಬೇಕು, ಇದ್ದ ಹೆಸರನ್ನು ತಳ್ಳಬಾರದು ಎಂಬ ಎರಡು ಷರತ್ತುಗಳನ್ನು ಪಾಲಿಸಿದಾಗ ಈ ಟೀಕೆ ದುರ್ಬಲವಾಗುತ್ತದೆ. ಆಕ್ಷೇಪಿಸಬೇಕಾದದ್ದು, ಬೇರೆ ದೇಶದ ಹೆಸರು ದಶಕಗಳಿಂದ ಬಳಕೆಯಲ್ಲಿರುವ ಜಾಗಕ್ಕೆ ಮತ್ತೊಂದು ಹೆಸರನ್ನು ಬೇಕೆಂದೇ ಅಂಟಿಸುವುದನ್ನು.

ಮೈತ್ರಿಯ ಕಿಟಕಿಯಿಂದ ಕಾಣುವ ಹೆಸರುಗಳು

ಭಾರತ ಈ ಖಂಡದ ಮೇಲೆ ಹಕ್ಕು ಹೂಡಿಲ್ಲ, ಬೇರೆಯವರ ಹಕ್ಕನ್ನು ಒಪ್ಪಿಯೂ ಇಲ್ಲ. 1956ರಲ್ಲಿ ಮತ್ತು ಮತ್ತೆ 1958ರಲ್ಲಿ ಅಂಟಾರ್ಕ್ಟಿಕಾದ ಪ್ರಶ್ನೆಯನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಬೇಕೆಂದು ಕೇಳಿದ ದೇಶ ಭಾರತ. 1983ರಲ್ಲಿ ನಾವು ಒಪ್ಪಂದಕ್ಕೆ ಸೇರಿ, ಅದೇ ವರ್ಷ ಸಮಾಲೋಚಕ ಸ್ಥಾನವನ್ನೂ ಪಡೆದೆವು. ಭಾರತದ ಮೈತ್ರಿ ನೆಲೆಯ ಸುತ್ತಲಿನ ನಕ್ಷೆಯನ್ನು ಓದಿದರೆ ಇಷ್ಟು ಹೊತ್ತು ವಿವರಿಸಿದ ಇತಿಹಾಸವೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ. ನೆಲೆಯಿರುವ, ಹಿಮ ಮುಚ್ಚದ ನೆಲವಾದ ಶಿರ್ಮಾಕರ್ ಓಯಸಿಸ್‌ಗೆ ಆ ಹೆಸರು ಬಂದದ್ದು 1938-39ರ ಜರ್ಮನ್ ಯಾತ್ರೆಯ ಪೈಲಟ್‌ನಿಂದ. ಆ ಯಾತ್ರೆ ಎರಡು ಸಮುದ್ರವಿಮಾನಗಳಿಂದ ಸುಮಾರು 11,600 ಚಿತ್ರಗಳನ್ನು ತೆಗೆದು, ಹಿಮದ ಮೇಲೆ ಸ್ವಸ್ತಿಕದ ಗುರುತಿದ್ದ ಲೋಹದ ಬಾಣಗಳನ್ನು ಎಸೆದು ಬಂದಿತ್ತು. ನೆಲದ ಮೇಲೆ ಖಚಿತ ನೆಲೆಗಳಿಲ್ಲದ ಕಾರಣ ಅವರ ನಕ್ಷೆಯ ಹಲವು ಪರ್ವತಗಳನ್ನು ನಂತರದವರಿಗೆ ಗುರುತಿಸಲೇ ಆಗಲಿಲ್ಲ. ಆ ಯಾತ್ರೆ ಅಲ್ಲಿಗೆ ತಲುಪುವ ಹೊತ್ತಿಗೇ, 1939ರ ಜನವರಿ 14ರಂದು, ನಾರ್ವೆ ಈ ಪ್ರದೇಶವನ್ನು ತನ್ನದೆಂದು ಘೋಷಿಸಿತ್ತು. ಗುರುತಿಸಲು ಸಾಧ್ಯವಾದ ಜರ್ಮನ್ ಹೆಸರುಗಳಲ್ಲಿ ಕೆಲವನ್ನು ಅದು ಉಳಿಸಿಕೊಂಡಿತು. ಹೀಗಾಗಿ ಮೈತ್ರಿಯ ದಕ್ಷಿಣಕ್ಕಿರುವ ಪರ್ವತಸಮೂಹ ಇಂದಿಗೂ ಜರ್ಮನ್ ಅಧಿಕಾರಿಯೊಬ್ಬರ ಹೆಸರಿನ ವೋಲ್ತಾಟ್. ಮೈತ್ರಿಗೆ ಕುಡಿಯುವ ನೀರು ಕೊಡುವ ಸರೋವರವನ್ನು ನಾವು ಪ್ರಿಯದರ್ಶಿನಿ ಎನ್ನುತ್ತೇವೆ. ಕೆಲವೇ ಕಿಲೋಮೀಟರ್ ದೂರದ ನೋವೊಲಜರೆವ್‌ಸ್ಕಾಯಾ ನೆಲೆಯ ರಷ್ಯನ್ನರಿಗೆ ಅದು ಜೂಬ್.

ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಓಯಸಿಸ್ ಮತ್ತು ವೋಲ್ತಾಟ್ ಪರ್ವತಗಳ ಶಿಲಾನಕ್ಷೆ ಮಾಡಿದೆ, ದಕ್ಷಿಣ ಗಂಗೋತ್ರಿ ಹಿಮನದಿಯ ಮೂತಿ ಹಿಂದೆ ಸರಿಯುವುದನ್ನು ವರ್ಷ ವರ್ಷ ಅಳೆದಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಅಲ್ಲಿ ನೆಲದ ಸರ್ವೆ ನಡೆಸಿದೆ. 2013ರಿಂದ ಭಾರತದ ಇನ್ನೊಂದು ನೆಲೆಯಾದ ಭಾರತಿಯಲ್ಲಿ ಇಸ್ರೋದ ಉಪಗ್ರಹ ದತ್ತಾಂಶ ಕೇಂದ್ರವೂ ಕೆಲಸ ಮಾಡುತ್ತಿದೆ. ಹೆಸರಿಡುವ ನೈತಿಕ ಅರ್ಹತೆ ಇಂತಹ ದುಡಿಮೆಯಿಂದ ಬರುತ್ತದೆ ಎಂಬುದೇ ಈ ಲೇಖನದ ನಿಲುವು.

ಪರಿಣಾಮಗಳು

ತಕ್ಷಣದ ಪರಿಣಾಮ ಜೀವಗಳಿಗೆ ಸಂಬಂಧಿಸಿದ್ದು. ಮೌಂಟ್ ಹೋಪ್‌ನ ಎತ್ತರ ತಿದ್ದಿದ ಕೆಲಸ ಶುರುವಾದದ್ದು ಯಾವ ದಾಖಲೆಗಾಗಿಯೂ ಅಲ್ಲ, ಪರ್ಯಾಯ ದ್ವೀಪದ ಮೇಲೆ ಪುಟ್ಟ ವಿಮಾನಗಳನ್ನು ಹಾರಿಸುವ ಪೈಲಟ್‌ಗಳ ಸುರಕ್ಷೆಗಾಗಿ. 2,862 ಮೀಟರ್ ಎಂದು ಬರೆದ ನಕ್ಷೆಯನ್ನು ನಂಬಿ ಮೋಡದೊಳಗೆ 3,100 ಮೀಟರ್ ಎತ್ತರದಲ್ಲಿ ಹಾರುವ ಪೈಲಟ್ ಸುರಕ್ಷಿತ ಅಂತರವಿದೆ ಎಂದುಕೊಂಡಿರುತ್ತಾನೆ. ಎದುರಿಗೆ ಬಂಡೆ ಇರುತ್ತದೆ. ನಕ್ಷೆಯ ಮೇಲಿನ ಅಂಕಿಗಳನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ ಎಂಬುದನ್ನು 1979ರ ನವೆಂಬರ್ 28ರ ದುರಂತ ತೋರಿಸಿತ್ತು. ಪ್ರವಾಸಿಗರನ್ನು ಹೊತ್ತ ಏರ್ ನ್ಯೂಜಿಲೆಂಡ್ ವಿಮಾನದ ಮಾರ್ಗದ ನಿರ್ದೇಶಾಂಕಗಳನ್ನು ಹಾರಾಟಕ್ಕೆ ಮೊದಲು ತಿದ್ದಲಾಗಿತ್ತು, ಅದನ್ನು ಸಿಬ್ಬಂದಿಗೆ ತಿಳಿಸಿರಲಿಲ್ಲ. ಬಿಳಿ ಹಿಮ, ಬಿಳಿ ಮೋಡ ಒಂದಾಗಿ ಕಂಡ ಬೆಳಕಿನಲ್ಲಿ ಆ ವಿಮಾನ ಎರೆಬಸ್ ಪರ್ವತಕ್ಕೆ ಅಪ್ಪಳಿಸಿ 257 ಮಂದಿ ಸತ್ತರು.

ಎರಡನೆಯದು ವಿಜ್ಞಾನದ ದಾಖಲೆಗಳಿಗೆ ಸಂಬಂಧಿಸಿದ್ದು. ಹಿಮನದಿಯೊಂದು ಐವತ್ತು ವರ್ಷಗಳಲ್ಲಿ ಎಷ್ಟು ತೆಳುವಾಗಿದೆ ಎಂದು ತಿಳಿಯಬೇಕಾದರೆ ಹಳೆಯ ವರದಿಗಳಲ್ಲಿ ಅದು ಯಾವ ಹೆಸರಿನಿಂದ ಇದೆ ಎಂದು ಗೊತ್ತಿರಬೇಕು. ವೇಕ್‌ಫೀಲ್ಡ್ ಎಂದು ಬರೆದ 1937ರ ವರದಿಯೂ ಹೋಪ್ ಎಂದು ಬರೆದ ಇನ್ನೊಂದು ವರದಿಯೂ ಒಂದೇ ಪರ್ವತದ್ದೆಂದು ತಿಳಿಯದಿದ್ದರೆ ಹೋಲಿಕೆಯೇ ಸಾಧ್ಯವಿಲ್ಲ. ಶೋಧ ಮತ್ತು ರಕ್ಷಣೆಯ ಹೊಣೆಯನ್ನು ಚಿಲಿ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಂಚಿಕೊಂಡಿವೆ. ಅಪಾಯದಲ್ಲಿರುವ ತಂಡ ಹೇಳುವ ಹೆಸರೂ ರಕ್ಷಣೆಗೆ ಹೊರಡುವವರ ನಕ್ಷೆಯಲ್ಲಿರುವ ಹೆಸರೂ ಬೇರೆಯಾದರೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ಮೂರನೆಯದು 2048ಕ್ಕೆ ಸಂಬಂಧಿಸಿದ್ದು. ಆ ವರ್ಷ ಅಂಟಾರ್ಕ್ಟಿಕ್ ಒಪ್ಪಂದವೇ ಮುಗಿಯುತ್ತದೆ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ, ಅದು ತಪ್ಪು. ಒಪ್ಪಂದಕ್ಕೆ ಕೊನೆಯ ದಿನಾಂಕವಿಲ್ಲ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಪರಿಸರ ಸಂರಕ್ಷಣಾ ಒಡಂಬಡಿಕೆಯನ್ನು 50 ವರ್ಷಗಳ ನಂತರ ಪರಾಮರ್ಶಿಸಬೇಕೆಂದು ಯಾವುದಾದರೂ ಸಮಾಲೋಚಕ ದೇಶ ಕೇಳಬಹುದು ಎಂಬುದಷ್ಟೇ ನಿಜ. ಗಣಿಗಾರಿಕೆಯ ನಿಷೇಧ ತಾನಾಗಿಯೇ ತೆರವಾಗುವುದಿಲ್ಲ. ಆದರೂ ಆ ವರ್ಷ ಹತ್ತಿರವಾದಂತೆ ಹೆಸರುಗಳ ಸಂಖ್ಯೆ ಏರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಉಪಗ್ರಹ ಚಿತ್ರಗಳಿಂದ ತಯಾರಾದ ಎತ್ತರದ ನಕ್ಷೆಗಳು ಈಗ ಉಚಿತವಾಗಿ ಸಿಗುತ್ತವೆ. 2018ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಬಿಡುಗಡೆ ಮಾಡಿದ ನಕ್ಷೆ ಬಹುತೇಕ ಇಡೀ ಖಂಡವನ್ನು 8 ಮೀಟರ್ ಅಂತರದಲ್ಲಿ ತೋರಿಸುತ್ತದೆ. ಹೆಸರಿಲ್ಲದ ಶಿಖರವನ್ನು ಹುಡುಕಲು ಇನ್ನು ಹಿಮದ ಮೇಲೆ ಕಾಲಿಡಬೇಕಿಲ್ಲ, ಕಂಪ್ಯೂಟರ್ ಮುಂದೆ ಕುಳಿತರೆ ಸಾಕು. ಆ ಸುಲಭವೇ ಅಪಾಯವೂ ಹೌದು.

ಇದನ್ನು ತಡೆಯಲು ಹೊಸ ಒಪ್ಪಂದವೇನೂ ಬೇಕಿಲ್ಲ. ಹೊಸ ಹೆಸರನ್ನು ಕೋಶಕ್ಕೆ ಕಳುಹಿಸುವಾಗ ಆ ಜಾಗಕ್ಕೆ ಈಗಾಗಲೇ ಯಾವ ಹೆಸರೂ ಇಲ್ಲವೆಂದು ಪರಿಶೀಲಿಸಿ, ಯಾವ ಅಳತೆಯ ಆಧಾರದ ಮೇಲೆ ಗುರುತಿಸಲಾಗಿದೆ ಎಂಬುದನ್ನೂ ಜೊತೆಗೇ ಸಲ್ಲಿಸುವ ನಿಯಮವನ್ನು ಸಮಾಲೋಚಕ ದೇಶಗಳು ತಮ್ಮ ವಾರ್ಷಿಕ ಸಭೆಯಲ್ಲೇ ಒಪ್ಪಿಕೊಳ್ಳಬಹುದು. 2024ರ ಮೇ ತಿಂಗಳಲ್ಲಿ ಆ ಸಭೆಯನ್ನು ಕೊಚ್ಚಿಯಲ್ಲಿ ನಡೆಸಿಕೊಟ್ಟ ಭಾರತ, ಯಾವ ಹಕ್ಕನ್ನೂ ಹೂಡದ ದೇಶವಾಗಿ, ಇಂತಹ ಪ್ರಸ್ತಾವವನ್ನು ಮುಂದಿಡಲು ಬ್ರಿಟನ್‌ಗಿಂತಲೂ ಅರ್ಜೆಂಟೀನಾಗಿಂತಲೂ ಒಳ್ಳೆಯ ಸ್ಥಾನದಲ್ಲಿದೆ. ಪ್ರಿಯದರ್ಶಿನಿ ಸರೋವರದ ಎರಡು ಹೆಸರುಗಳ ಬಗ್ಗೆ ರಷ್ಯಾದೊಂದಿಗೆ 1964ರ ಮಾದರಿಯಲ್ಲಿ ಮಾತಿಗೆ ಕೂರುವುದು ಅದರ ಮೊದಲ ಹೆಜ್ಜೆಯಾಗಬಹುದು.